ಎಡಗಡೆಯ ಒಳಟೈರು

ಮಚಾಕೋಸ್
೨೭ ಫೆಬ್ರವರಿ ೧೯೯೬

ಮಗಳೇ ವಕೇಶೋ,

ಇಲ್ಲಿ ನಾವೆಲ್ಲ ಇದ್ದ ಹಾಗೇ ಇದ್ದೇವೆ. ಕೆಲಸವಿಲ್ಲದೆ ಮನೆಯಲ್ಲಿ ಕೂತ ಪೈಲಟ್ ಎಷ್ಟು ದೊಡ್ಡ ಕಾಟ ಎಂಬುದು ಎರಡೇ ವಾರದಲ್ಲಿ ನಮ್ಮನೆಯವಳಿಗೆ ಅರ್ಥವಾಗಿದೆ. ನಿನ್ನೆ ಮುಥೋಕೋಯ್‌ಗೆ ಉಪ್ಪು ಜಾಸ್ತಿಯಾಯಿತು ಎಂದೆ. "ವಿಮಾನ ಬೀಳಿಸಿ ಬಂದೋರು ನನ್ನ ಪಾತ್ರೆ ತಂಟೆಗೆ ಬರ್ಬೇಡಿ" ಅಂದಳು. ಬೀಳಿಸಲಿಲ್ಲ, ನಿಲ್ಲಿಸಿದೆ ಎಂದು ತಿದ್ದಿದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಈಗ ಮುಖ್ಯ ವಿಷಯ. ಕಂಪನಿಯ ತನಿಖಾ ಮಂಡಳಿಗೆ ನನ್ನ ಹೇಳಿಕೆ ಕಳಿಸಿದ್ದೇನೆ. ನಿನ್ನನ್ನೂ ಕರೆಯುತ್ತಾರೆ. ಆದ್ದರಿಂದ ನಾನು ಬರೆದದ್ದನ್ನು ಇಲ್ಲಿ ಹಾಗೆಯೇ ಇಳಿಸುತ್ತಿದ್ದೇನೆ. ಮೂರು ಸಲ ಓದಿ ಕಾಗದವನ್ನು ಒಲೆಗೆ ಹಾಕು.

"ಫೆಬ್ರವರಿ ಹದಿಮೂರರಂದು ಬೆಳಿಗ್ಗೆ ಹನ್ನೊಂದೂವರೆಗೆ ನಲವತ್ತೊಂದು ಪ್ರಯಾಣಿಕರೊಂದಿಗೆ ಲೋಡ್ವಾರ್‌ನಿಂದ ನೈರೋಬಿಗೆ ಹೊರಟೆವು. ಆ ದಿನ ವಿಮಾನ ಏರಿಸುವ ಸರದಿ ಸಹಪೈಲಟ್ ವಕೇಶೋ ಅವರದ್ದು. ನಿಯಮದಂತೆ ಇಂಜಿನ್ ಹಿಡಿಕೆಗಳ ಮೇಲೆ ನನ್ನ ಕೈ ಇತ್ತು. ಅಂದಿನ ಬಿಸಿಲಿಗೂ ಭಾರಕ್ಕೂ ನಾವು ಗೊತ್ತು ಮಾಡಿಕೊಂಡ ನಿರ್ಧಾರದ ವೇಗ ತೊಂಬತ್ತೆಂಟು ನಾಟ್. ಅದರ ಒಳಗೆ ನಿಲ್ಲಿಸಬಹುದು, ಅದನ್ನು ದಾಟಿದರೆ ಹಾರಲೇಬೇಕು. ತೊಂಬತ್ತನಾಲ್ಕರಲ್ಲಿ ಎಡಗಡೆ ಟೈರು ಒಡೆದ ಸದ್ದಾಯಿತು. ನಾನು ಹಿಡಿಕೆಗಳನ್ನು ಹಿಂದಕ್ಕೆ ಎಳೆದು ಟೇಕಾಫ್ ನಿಲ್ಲಿಸಿದೆ. ವಿಮಾನ ರನ್‌ವೇ ದಾಟಿ ಜಲ್ಲಿಯಲ್ಲಿ ಹೂತು ನಿಂತಿತು. ಇಳಿಯುವಾಗ ಒಬ್ಬರು ಪ್ರಯಾಣಿಕರ ಕಾಲು ಮುರಿಯಿತು. ನಿರ್ಧಾರ ಪೂರ್ತಿ ನನ್ನದು."

ಇಷ್ಟೇ. ಮಂಡಳಿ ಕೇಳಿದರೆ 'ಕ್ಯಾಪ್ಟನ್ ನಿಲ್ಲಿಸಿದರು' ಅನ್ನು, ಮುಂದೆ ಒಂದಕ್ಷರ ಬೇಡ. ನಮ್ಮ ಮಾತು ಮುದ್ರಿಸುವ ಪೆಟ್ಟಿಗೆಯಲ್ಲಿ ಕೊನೆಯ ಅರ್ಧ ಗಂಟೆ ಮಾತ್ರ ಉಳಿಯುತ್ತದೆ. ಗಡಿಬಿಡಿಯಲ್ಲಿ ನಾನು ಬ್ಯಾಟರಿ ಆರಿಸುವುದನ್ನು ಮರೆತೆ, ಹಾಗಾಗಿ ಅದು ಓಡುತ್ತಲೇ ಇದ್ದು ನಮ್ಮ ಮಾತು ಅಳಿಸಿಹೋಯಿತು, ಅದರಲ್ಲೀಗ ಇರುವುದು ಊರಿನವರು ಆಡು ಅಟ್ಟಿದ ಸದ್ದು.

ಜೂನ್‌ನಲ್ಲಿ ನಿನ್ನ ಕ್ಯಾಪ್ಟನ್ ಪರೀಕ್ಷೆ. ಓದಿಕೋ.

ನಿನ್ನ ಹಿತ ಬಯಸುವ
ಜೆ. ಮುಸೆಂಬಿ


ನೈರೋಬಿ
೬ ಮಾರ್ಚ್ ೧೯೯೬

ಕ್ಯಾಪ್ಟನ್ ಮುಸೆಂಬಿ ಅವರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಮೂರಲ್ಲ, ಹತ್ತು ಸಲ ಓದಿದೆ. ಒಲೆಗೆ ಹಾಕಿಲ್ಲ. ನನ್ನ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೌ ಮಾತ್ರ ಇದೆ ಎಂಬುದು ನೆಪ ಅಂತ ನಿಮಗೂ ಗೊತ್ತಾಗುತ್ತದೆ.

ಮಂಡಳಿಯವರು ಸೋಮವಾರ ಕರೆದರು. ಮೂವರಿದ್ದರು, ಚಹಾ ಕೊಟ್ಟರು, ಮಂಡಾಝಿ ಕೊಟ್ಟರು. ನಾನು 'ಕ್ಯಾಪ್ಟನ್ ನಿಲ್ಲಿಸಿದರು' ಅಂದೆ. ಹೊರಗೆ ಬಂದು ಗೇಟಿನ ಹತ್ತಿರ ವಾಂತಿ ಮಾಡಿಕೊಂಡೆ. ಮಂಡಾಝಿ ಹಳಸಿತ್ತು ಅಂತ ಕಾವಲುಗಾರನಿಗೆ ಹೇಳಿದೆ. ಒಂದೇ ಬೆಳಿಗ್ಗೆ ಎರಡು ಸುಳ್ಳು.

ಕ್ಯಾಪ್ಟನ್, ನಡೆದದ್ದನ್ನು ಒಂದು ಸಲವಾದರೂ ಯಾರಾದರೂ ಬರೆಯಬೇಕು. ಸದ್ದಾದಾಗ ನೀವು 'ಹೋಗು, ಹೋಗು' ಅಂದಿರಿ. ನಾನು ಎಡಗೈಯನ್ನು ನಿಮ್ಮ ಕೈಯ ಮೇಲೆ ಇಟ್ಟು ಹಿಡಿಕೆಗಳನ್ನು ಹಿಂದಕ್ಕೆ ಎಳೆದೆ. ಸಹಪೈಲಟ್ ಬಾಯಲ್ಲಿ ಹೇಳಬಹುದು, ಕೈ ಹಾಕುವಂತಿಲ್ಲ ಅನ್ನುವುದು ಕಂಪನಿಯ ನಿಯಮ. ಹೇಳುವುದಕ್ಕೂ ನಾನು ಬಾಯಿ ತೆರೆಯಲಿಲ್ಲ.

ಪುಸ್ತಕ ನೋಡಿದರೆ ನೀವು ಹೇಳಿದ್ದೇ ಸರಿ. ಅಷ್ಟು ವೇಗದಲ್ಲಿ ಬರೀ ಟೈರು ಹೋದರೆ ನಿಲ್ಲಿಸಬೇಡಿ, ಬ್ರೇಕು ಅರ್ಧವೂ ಹಿಡಿಯುವುದಿಲ್ಲ, ಹಾರಿ, ಸಮಾಧಾನವಾಗಿ ಯೋಚಿಸಿ ಇಳಿಯಿರಿ ಅಂತ ನೀವೇ ನಮಗೆ ಹಲಗೆಯ ಮೇಲೆ ಬರೆದು ಕಲಿಸಿದ್ದು. ಜಲ್ಲಿಯ ಆಚೆ ಹಳ್ಳ ಇತ್ತಲ್ಲ, ಮುಂದಿನ ಚಕ್ರದಿಂದ ಅದರ ಅಂಚಿಗೆ ನಾನು ನಡೆದು ನೋಡಿದೆ. ಹನ್ನೊಂದು ಹೆಜ್ಜೆ. ಈಗ ಬೀದಿಯಲ್ಲಿ ಮಟಾಟು ವ್ಯಾನು ಬ್ರೇಕ್ ಹಾಕಿದರೂ ಹೆಜ್ಜೆ ಎಣಿಸುತ್ತೇನೆ. ಒಂದು ಕಡೆ ಕೂರಲು ಆಗುತ್ತಿಲ್ಲ, ಪುಸ್ತಕ ತೆರೆದರೆ ಅದೇ ಪುಟ ತೆರೆದುಕೊಳ್ಳುತ್ತದೆ.

ನೀವು ಯಾಕೆ ನಿಮ್ಮ ಮೇಲೆ ಹಾಕಿಕೊಂಡಿರಿ? ಅಂದು ಬೆಳಗಿನ ಮಾತನ್ನು ನೀವೂ ಬರೆದಿಲ್ಲ, ನಾನೂ ಹೇಳಲಿಲ್ಲ.

ನಿಮ್ಮ
ವಕೇಶೋ


ಮಚಾಕೋಸ್
೧೪ ಮಾರ್ಚ್ ೧೯೯೬

ಮಗಳೇ,

ನಿನಗೆ ತಲೆ ಕೆಟ್ಟಿದೆ. ಅಂಥ ಕಾಗದವನ್ನು ಅಂಚೆಗೆ ಹಾಕುತ್ತಾರೇನೇ ಮಾರಾಯ್ತಿ? ನಮ್ಮ ಊರಿನ ಅಂಚೆಯವನು ಲಕೋಟೆಯನ್ನು ಬಿಸಿಲಿಗೆ ಹಿಡಿದು ಓದುವವನು.

ಹಿಡಿಕೆಯ ಮೇಲೆ ಇದ್ದದ್ದು ನನ್ನ ಕೈ. ಅದು ಹಿಂದಕ್ಕೆ ಬಂತು. ಅದರ ಮೇಲೆ ನೊಣ ಕೂತಿತ್ತೋ ಹುಡುಗಿಯ ಕೈ ಕೂತಿತ್ತೋ ಮಂಡಳಿಗೆ ಏನಾಗಬೇಕು? ನಾನು ಬರೆದದ್ದರಲ್ಲಿ ಸುಳ್ಳು ಹುಡುಕಿದರೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಯಾಕೆ ಅಂತ ಕೇಳಿದೆಯಲ್ಲ, ಕೇಳು. ಕ್ಯಾಪ್ಟನ್ ಹೋಗು ಅಂದಾಗ ಸಹಪೈಲಟ್ ಕೈ ಹಾಕಿ ನಿಲ್ಲಿಸಿದಳು ಎಂದು ಒಂದು ಸಾಲು ಕಾಗದಕ್ಕೆ ಬಿದ್ದರೆ ನಿನ್ನನ್ನು ಮರುದಿನವೇ ಮನೆಗೆ ಕಳಿಸುತ್ತಾರೆ. ಹೆಂಗಸರಿಗೆ ಗಾಬರಿ ಜಾಸ್ತಿ ಅನ್ನುವವರಿಗೆ ಹಬ್ಬ. ನನಗೆ ಉಳಿದಿರುವುದು ಹದಿನಾಲ್ಕು ತಿಂಗಳ ಕೆಲಸ, ನಿನಗೆ ಇಪ್ಪತ್ತೈದು ವರ್ಷ. ನಿನ್ನೆ ಆದೇಶ ಬಂತು. ಹಿಡಿಕೆ ಹಿಂದೆ ಬಂದಾಗ ವೇಗ ನೂರಾ ಒಂದಾಗಿತ್ತಂತೆ. ನಿರ್ಧಾರದ ವೇಗ ದಾಟಿದ ಮೇಲೆ ನಿಲ್ಲಿಸಿದ ತಪ್ಪಿಗೆ ಆರು ತಿಂಗಳು ಹಾರುವಂತಿಲ್ಲ. ನಾನು ಆರು ತಿಂಗಳು ಜೇನು ನೋಡಿಕೊಳ್ಳುತ್ತೇನೆ, ಬಯೋಬಾಬ್ ಮರಕ್ಕೆ ನಾಲ್ಕು ದಿಮ್ಮಿಗೂಡು ಹೊಸದಾಗಿ ಕಟ್ಟಿಸಿದ್ದೇನೆ. ಜೇನುಹುಳ ಯಾರ ಹೇಳಿಕೆಯನ್ನೂ ಕೇಳುವುದಿಲ್ಲ.

ಬೆಳಗಿನ ಮಾತು ಅಂದೆ. ಬೆಳಿಗ್ಗೆ ನಾವು ನೂರು ಮಾತಾಡುತ್ತೇವೆ. ಎಲ್ಲವನ್ನೂ ಬರೆಯುತ್ತಾ ಕೂತರೆ ವಿಮಾನ ಹಾರಿಸುವವರು ಯಾರು?

ಇನ್ನು ಈ ವಿಷಯ ಬರೆಯಬೇಡ. ಪರೀಕ್ಷೆ ಪಾಸಾದ ದಿನ ಬರೆ.

ಜೆ. ಮುಸೆಂಬಿ


ನೈರೋಬಿ
೨ ಜೂನ್ ೧೯೯೬

ಕ್ಯಾಪ್ಟನ್,

ಎರಡೂವರೆ ತಿಂಗಳು ಬರೆಯಲಿಲ್ಲ. ನೀವು ಬೇಡ ಅಂದಿರಿ, ನನಗೂ ಅದೇ ಸುಖವಾಗಿತ್ತು. ಈಗ ಬರೆಯದೆ ಇರಲು ಆಗುತ್ತಿಲ್ಲ.

ಮೆಕ್ಯಾನಿಕ್ ಒಗುತು ಅವರನ್ನು ಕೆಲಸದಿಂದ ತೆಗೆದಿದ್ದಾರೆ, ನಿಮಗೆ ಗೊತ್ತೇ? ಒಡೆದ ಟೈರಿನ ಚೂರುಗಳನ್ನು ಪರೀಕ್ಷೆ ಮಾಡಿಸಿದರಂತೆ. ಎಡಗಡೆಯ ಜೋಡಿಯಲ್ಲಿ ಒಳಟೈರಿಗೆ ಎಷ್ಟೋ ದಿನದಿಂದ ಗಾಳಿ ಕಮ್ಮಿ ಇತ್ತು, ಬಿಸಿಯಾಗಿ ಒಳಗೇ ಸುಟ್ಟಿತ್ತು. ಲೋಡ್ವಾರ್‌ನಲ್ಲಿ ಗಾಳಿ ಅಳೆಯದೆ ಬಿಟ್ಟದ್ದು ಒಗುತು ತಪ್ಪು ಅಂತ ತೀರ್ಮಾನ. ಅವರ ಪರವಾನಗಿಯೂ ಹೋಯಿತು.

ಶನಿವಾರ ಹುಡುಕಿಕೊಂಡು ಹೋದೆ. ಗಿಕೊಂಬಾ ಮಾರುಕಟ್ಟೆಯ ಹಿಂದೆ ತಗಡಿನ ಚಪ್ಪರದ ಕೆಳಗೆ ಲಾರಿ ಟ್ಯೂಬಿಗೆ ತೇಪೆ ಹಾಕುತ್ತಿದ್ದರು. ಇಪ್ಪತ್ತೆರಡು ವರ್ಷ ವಿಮಾನ ಮುಟ್ಟಿದ ಕೈ. ನನ್ನನ್ನು ನೋಡಿ ನಕ್ಕರು, ಕೂರಲು ಡಬ್ಬ ಕೊಟ್ಟರು.

"ನೀವು ಮಂಡಳಿಗೆ ಯಾಕೆ ಹೇಳ್ಲಿಲ್ಲ?" ಅಂದೆ.

"ಏನ್ ಹೇಳ್ಲಿ ತಂಗೀ? ಗಾಳಿ ಅಳೆಯೋದು ನನ್ ಕೆಲ್ಸ. ಅಳೀಲಿಲ್ಲ."

"ಗೇಜು ತಂದಿದ್ರಲ್ಲ. ನಾನೇ ನೋಡಿದೀನಿ."

"ಕೈಲಿತ್ತು. ಚಕ್ರಕ್ಕೆ ಹಾಕ್ಲಿಲ್ಲ. ಕೈಲಿದ್ದಿದ್ದಕ್ಕೆ ಯಾರೂ ಸಂಬ್ಳ ಕೊಡಲ್ಲ."

ಕ್ಯಾಪ್ಟನ್, ಬೆಳಗಿನ ಆ ಮಾತನ್ನು ನಾನೇ ಬರೆಯುತ್ತೇನೆ. ನನ್ನ ಅಪ್ಪ ಮೊಂಬಾಸಾದಿಂದ ಮಲಾಬಾ ಗಡಿಯವರೆಗೆ ಮೂವತ್ತು ವರ್ಷ ಲಾರಿ ಓಡಿಸಿದವನು. ವೋಯಿಯಲ್ಲಿ ನಮ್ಮ ಮನೆಮುಂದೆ ನಿಲ್ಲುವ ಪ್ರತಿ ಲಾರಿಯವನೂ ಇಳಿದ ತಕ್ಷಣ ಕಬ್ಬಿಣದ ಸರಳಿನಿಂದ ಟೈರುಗಳನ್ನು ಬಡಿದು ಸದ್ದು ಕೇಳುತ್ತಿದ್ದ. ಜೋಡಿ ಟೈರಿನಲ್ಲಿ ಒಂದು ಸೊರಗಿದರೆ ಪಕ್ಕದ್ದು ಅದರ ಭಾರವನ್ನೂ ಹೊರುತ್ತದೆ, ಕಣ್ಣಿಗೆ ಎರಡೂ ಒಂದೇ ಎತ್ತರ ಕಾಣುತ್ತವೆ. ಅಂದು ಲೋಡ್ವಾರ್‌ನಲ್ಲಿ ಸುತ್ತು ಬರುವಾಗ ಚಕ್ರಕ್ಕೆ ಒಡ್ಡುವ ಮರದ ತುಂಡಿನಿಂದ ನಾನೂ ಬಡಿದೆ. ಹೊರಟೈರು ಬಿಗಿಯಾಗಿ ಸದ್ದು ಮಾಡಿತು, ಒಳಟೈರು ಮಂಕಾಗಿತ್ತು. ಬಂದು ನಿಮಗೆ ಹೇಳಿದೆ.

ನೀವು ಬಂದು, ಯಾವಾಗಲೂ ಮಾಡುವಂತೆ ಚಕ್ರಕ್ಕೆ ಎರಡು ಒದೆ ಕೊಟ್ಟಿರಿ. "ಇದೇನು ನಿಮ್ಮಪ್ಪನ ಲಾರಿನಾ? ವಿಮಾನದ ಟೈರು ಡೋಲಲ್ಲ ಮಗಳೇ, ಬಡಿದು ಕೇಳೋಕೆ" ಅಂದಿರಿ. ಸಾಲಿನಲ್ಲಿ ನಿಂತ ಪ್ರಯಾಣಿಕರೂ ನಕ್ಕರು. ಒಗುತು ಗೇಜು ಹಿಡಿದು ಬಂದಾಗ "ಬಿಡಯ್ಯಾ, ಬಿಸಿಲು ಏರ್ತಾ ಇದೆ, ಇನ್ನು ಅರ್ಧ ಗಂಟೆ ಹೋದ್ರೆ ಆ ಬಿಸಿಗೆ ಇಷ್ಟು ಭಾರ ಏಳಲ್ಲ, ನಾಲ್ಕು ಜನಾನ ಇಳಿಸ್ಬೇಕಾಗುತ್ತೆ" ಅಂದಿರಿ. ಹತ್ತು ನಿಮಿಷದ ಕೆಲಸವಿತ್ತು.

ನೀವು ನನ್ನನ್ನು ಕಾಪಾಡಿದಿರಿ ಅಂದುಕೊಂಡು ಇಷ್ಟು ದಿನ ಋಣದಲ್ಲಿ ಬದುಕಿದೆ. ಡಬ್ಬದ ಮೇಲೆ ಕೂತಾಗ ಬೇರೆಯದು ಹೊಳೆಯಿತು. ನಾನು ಎಳೆದೆ ಅಂದರೆ ಯಾಕೆ ಎಳೆದೆ ಅನ್ನುತ್ತಾರೆ. ಯಾಕೆ ಅಂದರೆ ಬೆಳಗಿನ ಮಾತು ಹೊರಗೆ ಬರುತ್ತದೆ. ತಡವಾಗಿ ನಿಲ್ಲಿಸಿದ್ದು ಆರು ತಿಂಗಳ ತಪ್ಪು. ಹೇಳಿದರೂ ಕೇಳದೆ ಹೊರಟದ್ದು ಲೈಸೆನ್ಸ್ ಹೋಗುವ ತಪ್ಪು. ನೀವು ಚಿಕ್ಕದನ್ನು ಆರಿಸಿಕೊಂಡಿರಿ. ನಾನು ಕ್ಯಾಪ್ಟನ್ ಆಗಬೇಕೆಂದು ಅದಕ್ಕೆ ಬಾಯಿ ಮುಚ್ಚಿ ಸಹಿ ಹಾಕಿದೆ. ನಮ್ಮಿಬ್ಬರ ನಡುವೆ ಒಗುತು ಹೋದರು.

ಅವರ ಮೇಲ್ಮನವಿಗೆ ಆಗಸ್ಟ್ ಹದಿನೈದರವರೆಗೆ ಸಮಯವಿದೆ. ಇದು ತಪ್ಪಿದರೆ ಅವರು ಇನ್ನೆಂದೂ ವಿಮಾನ ಮುಟ್ಟುವಂತಿಲ್ಲ. ನೀವು ಮಂಡಳಿಗೆ ಬರೆಯಿರಿ.

ವಕೇಶೋ


ಮಚಾಕೋಸ್
೧೧ ಜೂನ್ ೧೯೯೬

ವಕೇಶೋ,

ನಿನ್ನ ಕಾಗದ ತಲುಪಿತು. ನಮ್ಮನೆಯವಳು ಓದದಿರಲೆಂದು ಅಂಗಿಯ ಒಳಗೇ ಇಟ್ಟುಕೊಂಡು ತಿರುಗುತ್ತಿದ್ದೇನೆ, ಈ ವಯಸ್ಸಿನಲ್ಲಿ ಇದು ನನಗೆ ಬೇಕಿತ್ತೇ?

ನಾನು ಹದಿನೆಂಟು ಸಾವಿರ ಗಂಟೆ ಹಾರಿದವನು. ವಿಮಾನದ ಟೈರನ್ನು ಕಟ್ಟಿಗೆಯಿಂದ ಬಡಿಯಬೇಕು ಅಂತ ಯಾವ ಪುಸ್ತಕದಲ್ಲಿದೆ ತೋರಿಸು. ನೀನು ಆ ದಿನ ಏನೋ ಅಂದೆ, ಏನಂದೆ ಅಂತ ನನಗೆ ಸರಿಯಾಗಿ ನೆನಪಿಲ್ಲ. ಅದು ಎಚ್ಚರಿಕೆಯ ಹಾಗಿರಲಿಲ್ಲ, ಹುಡುಗಾಟದ ಹಾಗಿತ್ತು. ನಿನಗೆ ಅಷ್ಟು ಖಾತರಿ ಇದ್ದಿದ್ದರೆ ಹತ್ತುವುದಿಲ್ಲ ಅನ್ನಬೇಕಿತ್ತು. ನೀನು ಹತ್ತಿ ಕೂತು ಬೆಲ್ಟು ಹಾಕಿಕೊಂಡೆ.

ಹೆಂಗಸಿನ ಪಕ್ಕ ಕೂತು ಹಾರುವುದಿಲ್ಲ ಎಂದು ಮೂವರು ಕ್ಯಾಪ್ಟನ್‌ಗಳು ಬರೆದುಕೊಟ್ಟಾಗ ನಿನ್ನನ್ನು ನನ್ನ ಪಕ್ಕ ಕೂರಿಸಿಕೊಂಡವನು ನಾನು. ಅದನ್ನು ನಾನು ಬಾಯಿಬಿಟ್ಟು ಹೇಳಬೇಕಾಯಿತಲ್ಲ, ಅದಕ್ಕೆ ನನಗೆ ನಾಚಿಕೆಯಾಗುತ್ತಿದೆ. ಹೊಟ್ಟೆಯೂ ಉರಿಯುತ್ತಿದೆ.

ಒಗುತುಗೆ ಬೇರೆ ಕಡೆ ಕೆಲಸ ನೋಡುತ್ತೇನೆ. ಎಲ್ಡೊರೆಟ್‌ನಲ್ಲಿ ನನಗೆ ಗೊತ್ತಿರುವವರಿದ್ದಾರೆ. ಇನ್ನು ನನಗೆ ಬರೆಯಬೇಡ.

ಮುಸೆಂಬಿ


ನೈರೋಬಿ
೨೨ ಜುಲೈ ೧೯೯೬

ಕ್ಯಾಪ್ಟನ್,

ಬರೆಯಬೇಡ ಅಂದಿರಿ. ಪಾಸಾದ ದಿನ ಬರೆ ಅಂತಲೂ ಅಂದಿದ್ದಿರಿ. ಪಾಸಾದೆ. ಸೆಪ್ಟೆಂಬರ್ ಒಂದರಿಂದ ಎಡಗಡೆಯ ಕ್ಯಾಪ್ಟನ್ ಕುರ್ಚಿ ನನ್ನದು. ಅಪ್ಪ ವೋಯಿಯಲ್ಲಿ ಆಡು ಕಡಿಸಿದನಂತೆ. ನಾನು ಹೋಗಲಿಲ್ಲ, ಮನಸ್ಸಾಗಲಿಲ್ಲ.

ನೀವು ಅಂದದ್ದರಲ್ಲಿ ಒಂದು ಮಾತು ಸರಿ. ಅನುಮಾನ ಇದ್ದೂ ನಾನು ಹತ್ತಿ ಕೂತೆ. ನೀವೆಲ್ಲ ನಕ್ಕಾಗ ನಾನೂ ಸ್ವಲ್ಪ ನಕ್ಕೆ. ಅದನ್ನೂ ಮಂಡಳಿಗೆ ಬರೆಯುತ್ತೇನೆ.

ಆಗಸ್ಟ್ ಹತ್ತರಂದು ನನ್ನ ಪೂರ್ತಿ ಹೇಳಿಕೆ ಕೊಡುತ್ತೇನೆ. ನಿಮಗೆ ತಿಳಿಸದೆ ಕೊಡಲು ಮನಸ್ಸು ಒಪ್ಪದೆ ಇದನ್ನು ಬರೆಯುತ್ತಿದ್ದೇನೆ. ನೀವು ಮೊದಲು ಬರೆದರೆ ನನ್ನದು ಸಾಕ್ಷಿಯಾಗುತ್ತದೆ. ನಾನೇ ಮೊದಲು ಬರೆದರೆ ಅದು ನಿಮ್ಮ ಮೇಲಿನ ದೂರು ಆಗುತ್ತದೆ. ನನ್ನ ಕೈಯಿಂದ ದೂರು ಬರೆಸಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ, ತಿಳಿಸಬಹುದಾದರೆ.

ವಕೇಶೋ


ಮಚಾಕೋಸ್
೭ ಆಗಸ್ಟ್ ೧೯೯೬

ಮಗಳೇ ವಕೇಶೋ,

ನಿನ್ನೆ ಮಂಡಳಿಗೆ ಬರೆದು ಹಾಕಿದೆ. ನಾಲ್ಕು ಪುಟ. ನೀನು ಟೈರು ಬಡಿದದ್ದು, ಹೇಳಿದ್ದು, ನಾನು ಒದ್ದದ್ದು, ಗೇಜು ವಾಪಸ್ ಕಳಿಸಿದ್ದು, ಹೋಗು ಅಂದದ್ದು, ನೀನು ಎಳೆದದ್ದು. ಹಾಕುವ ಮೊದಲು ನಮ್ಮನೆಯವಳಿಗೆ ಓದಿ ಹೇಳಿದೆ. "ಹುಡುಗಿಗೆ ಕೂಗಾಡಿ ಬರೆದಿದ್ರಂತಲ್ಲ, ಅದನ್ನ ವಾಪಸ್ ಇಸ್ಕೊಳ್ಳಿ" ಅಂದಳು. ವಾಪಸ್ ತೆಗೆದುಕೊಂಡಿದ್ದೇನೆ.

ನಿನ್ನ ಕಾಗದ ಬಂದ ಮೇಲೂ ನಾನು ಬರೆಯುತ್ತಿರಲಿಲ್ಲ ಅನ್ನುವುದನ್ನು ಹೇಳಿಬಿಡುತ್ತೇನೆ. ಎಲ್ಡೊರೆಟ್‌ನ ಕೆಲಸದ ಮಾತು ಹಿಡಿದುಕೊಂಡು ಒಗುತುವನ್ನು ನೋಡಲು ಹೋದೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಅವನ ಬಾಯಿ ಮುಚ್ಚಿಸುವುದೇ. ಅವನು ಎದ್ದು ನಿಂತ, ಕೈ ಒರೆಸಿಕೊಂಡು ಕುಲುಕಿದ.

"ಮಂಡಳಿಯೋರು ನಿನ್ನ ಏನೇನ್ ಕೇಳಿದ್ರು?" ಅಂದೆ.

"ಹೊರಡೋ ಮುಂಚೆ ಟೈರಿನ ಬಗ್ಗೆ ಯಾರಾದ್ರೂ ಏನಾದ್ರೂ ಅಂದ್ರಾ ಅಂತ ಕೇಳಿದ್ರು. ಇಲ್ಲ ಅಂದೆ."

"ಯಾಕಯ್ಯಾ ಹಂಗಂದೆ?"

"ನೀವು ಏನ್ ಹೇಳಿದೀರೋ ನಂಗೆ ಗೊತ್ತಿರ್ಲಿಲ್ಲ. ನಿಮ್ಮಂಥ ಹಿರೀಕರ ಮಾತಿಗೆ ಅಡ್ಡ ಬರೋದು ಬ್ಯಾಡ ಅನ್ನಿಸ್ತು ಮ್ಜೇ."

ನಿನಗೂ ಇದನ್ನು ಹೇಳಿಲ್ಲವಂತೆ. ನಾನು ಎಲ್ಡೊರೆಟ್ ಹೆಸರು ಎತ್ತದೆ ಬಸ್ಸು ಹತ್ತಿದೆ. ಬರುವ ದಾರಿಯಲ್ಲಿ ಪಕ್ಕದವಳು ಅಳಬೇಡಿ ಅಂತ ಕಿತ್ತಳೆ ಹಣ್ಣು ಕೊಟ್ಟಳು. ನಾನು ಅಳುತ್ತಿದ್ದುದು ಆಗಲೇ ನನಗೆ ಗೊತ್ತಾದದ್ದು.

ಮಂಡಳಿಗೆ ಬರೆಯದೆ ಬಿಟ್ಟದ್ದು ಒಂದಿದೆ. ಅವರು ಕೇಳುವುದೂ ಇಲ್ಲ. ನಾನು ಹೋಗು ಅಂದದ್ದು ಪುಸ್ತಕದ ಪ್ರಕಾರ ಸರಿ ಅಂತ ನೀನೇ ಬರೆದೆ, ನಾನು ಅದನ್ನು ಎಷ್ಟೋ ದಿನ ಮುದ್ದಾಡಿದೆ. ಆದರೆ ಸದ್ದಾದಾಗ ಪುಸ್ತಕ ನೆನಪಾಗಲಿಲ್ಲ ಮಗಳೇ. ನಿಲ್ಲಿಸಿದರೆ ನೀನು ಬೆಳಿಗ್ಗೆ ಹೇಳಿದ್ದು ಸರಿ ಅಂತಾಗುತ್ತದೆ, ಅಷ್ಟೇ ತಲೆಗೆ ಬಂದದ್ದು. ಅದಕ್ಕೇ ಹೋಗು ಅಂದೆ. ನೀನು ಎಳೆದಾಗ ತಡೆಯುವಷ್ಟು ಬಲ ನನ್ನ ಕೈಯಲ್ಲಿತ್ತು, ತಡೆಯಲಿಲ್ಲ. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಹದಿನೆಂಟು ಸಾವಿರ ಗಂಟೆಯಲ್ಲಿ ಹಾಗೆ ಇನ್ನೆಷ್ಟು ಸಲ ಮಾಡಿರಬಹುದು ಎಂದು ಹಗಲೆಲ್ಲ ಗೂಡಿನಿಂದ ಗೂಡಿಗೆ ತಿರುಗುತ್ತಾ ಯೋಚಿಸುತ್ತೇನೆ.

ನಿನ್ನ
ಮುಸೆಂಬಿ


ನೈರೋಬಿ
೧೫ ಸೆಪ್ಟೆಂಬರ್ ೧೯೯೬

ಕ್ಯಾಪ್ಟನ್ ಅವರಿಗೆ,

ಇನ್ನು ಮೇಲೆ ಹಾಗೆ ಕರೆಯುವಂತಿಲ್ಲ ಅಂತ ಕಚೇರಿಯಲ್ಲಿ ಅಂದರು. ಕರೆಯುತ್ತೇನೆ. ನಿಮ್ಮ ಲೈಸೆನ್ಸ್ ಹೋದ ಸುದ್ದಿ ಫಲಕದ ಮೇಲೆ ಹಚ್ಚಿದ್ದರು, ಯಾರೋ ಅದರ ಮೇಲೆ ಊಟದ ಪಟ್ಟಿ ಅಂಟಿಸಿದ್ದಾರೆ.

ಒಗುತು ಸೋಮವಾರ ಹ್ಯಾಂಗರಿಗೆ ಬಂದರು. ಪರವಾನಗಿ ವಾಪಸ್ ಬಂದಿದೆ. ಹಳೆಯ ಹುದ್ದೆಯಲ್ಲ, ಒಂದು ಮೆಟ್ಟಿಲು ಕೆಳಗೆ. ಹೆಚ್ಚು ಮಾತಾಡಲಿಲ್ಲ, ಬಂದವರೇ ಕೋಟು ಹಾಕಿಕೊಂಡು ಕೆಲಸಕ್ಕೆ ನಿಂತರು. ನನ್ನ ಕ್ಯಾಪ್ಟನ್ ಹುದ್ದೆಯನ್ನು ಒಂದು ವರ್ಷ ತಡೆಹಿಡಿದಿದ್ದಾರೆ. ಬಲಗಡೆಯ ಕುರ್ಚಿಯಲ್ಲೇ ಇದ್ದೇನೆ. ಅಪ್ಪನಿಗೆ ಆಡು ದಂಡವಾಯಿತು ಅಂತ ಬೇಜಾರು.

ಮಂಡಳಿಯ ಕೊನೆಯ ವರದಿಯನ್ನು ಓದಿದೆ. ಹಾರಿದ್ದರೆ ಏನಾಗುತ್ತಿತ್ತು ಎಂದು ಅವರು ಎರಡು ಪುಟ ಬರೆದಿದ್ದಾರೆ. ಒಡೆದ ಟೈರಿನ ಚೂರು ಬೇರೆ ಯಾವುದನ್ನೂ ಕೆಡಿಸಿರಲಿಲ್ಲವಂತೆ. ಹಾರಿ ನೈರೋಬಿಯಲ್ಲಿ ಇಳಿದಿದ್ದರೆ ಬಹುಶಃ ಯಾರಿಗೂ ಏನೂ ಆಗುತ್ತಿರಲಿಲ್ಲ, ಆ ಪ್ರಯಾಣಿಕರ ಕಾಲೂ ಮುರಿಯುತ್ತಿರಲಿಲ್ಲ. ನಿಲ್ಲಿಸಿದ್ದರಿಂದ ಹಳ್ಳದ ಅಂಚಿಗೆ ಹೋದೆವು.

ಮಂಡಳಿಯ ಅಧ್ಯಕ್ಷರು, "ಮತ್ತೆ ಅಂಥ ಹೊತ್ತು ಬಂದ್ರೆ ಏನ್ ಮಾಡ್ತೀಯಮ್ಮಾ?" ಅಂದರು. "ಎಳೀತೀನಿ" ಅಂದೆ, ಕಣ್ಣು ಮಿಟುಕಿಸದೆ. ವರದಿ ಏನೇ ಅಂದರೂ ಆ ಧೈರ್ಯವನ್ನು ಅವರು ಮೆಚ್ಚಿದ ಹಾಗಿತ್ತು. ಮನೆಗೆ ಬಂದು ನಿಮ್ಮ ಕಾಗದವನ್ನು ಮತ್ತೆ ತೆರೆದೆ. ನಿಮಗೆ ಏನು ಉತ್ತರ ಬರೆಯಬೇಕೆಂದು ಐದು ವಾರ ತಿಳಿಯಲಿಲ್ಲ. ಕ್ಷಮಿಸುವ ಮಾತು ಬರೆಯಲು ಕೂತೆ, ನಾಲ್ಕು ಸಲ ಹರಿದೆ. ನಿಮ್ಮನ್ನು ಕ್ಷಮಿಸುವ ಜಾಗದಲ್ಲಿ ನಾನಿಲ್ಲ.

ಸದ್ದಾದಾಗ ನನಗೂ ಹಳ್ಳ ನೆನಪಾಗಲಿಲ್ಲ ಕ್ಯಾಪ್ಟನ್. ವೇಗದ ಮುಳ್ಳು ನೋಡಲಿಲ್ಲ, ಬ್ರೇಕಿನ ಯೋಚನೆ ಬರಲಿಲ್ಲ. ನಾನು ಹೇಳಿರಲಿಲ್ಲವೇ ಅನ್ನುವುದೊಂದೇ ಇತ್ತು, ಅದೂ ಖುಷಿಯ ಹಾಗೆ ಇತ್ತು. ನೀವು ಹೋಗು ಅಂದಾಗ ಸಿಟ್ಟು ಬಂತು, ಎಳೆದೆ. ಇದನ್ನು ನಾನೂ ಮಂಡಳಿಗೆ ಬರೆದಿಲ್ಲ. ಹಿಂದೆ ನಲವತ್ತೊಂದು ಜನ ಬೆಲ್ಟು ಕಟ್ಟಿಕೊಂಡು ನಮ್ಮನ್ನು ನಂಬಿ ಕೂತಿದ್ದರು. ಮುಂದೆ ನಾವಿಬ್ಬರು ಬೆಳಗಿನ ಜಗಳ ಮುಗಿಸಿಕೊಳ್ಳುತ್ತಿದ್ದೆವು.

ನಿಮ್ಮ
ವಕೇಶೋ